ಚಿಕ್ಕಬಸಪ್ಪನವರ ಎಡಗೈ

ತಿ. ನರಸೀಪುರದ ಜವಳಿ ವ್ಯಾಪಾರಿ ಚಿಕ್ಕಬಸಪ್ಪನವರು ತಮ್ಮ ಎಡಗೈಯನ್ನು ಬಲಗೈಯಲ್ಲಿ ಎತ್ತಿಕೊಂಡೇ ನಡೆಯುತ್ತಾರೆ, ಹಸುಗೂಸನ್ನು ಎತ್ತಿಕೊಂಡ ಹಾಗೆ. ಬಸ್ ಸ್ಟ್ಯಾಂಡಿನಿಂದ ಅಂಗಡಿಯವರೆಗಿನ ಆ ಮಂದಗಮನವನ್ನು, ಬೇಸಿಗೆಯಲ್ಲೂ ಕಳಚದ ಬೂದುಬಣ್ಣದ ಉಣ್ಣೆಯ ಕೋಟನ್ನು, ಅದರ ಉದ್ದನೆಯ ತೋಳಿನೊಳಗೆ ಅಡಗಿದ ಊದಿದ ಮಣಿಕಟ್ಟನ್ನು ಬಲ್ಲವರೆಲ್ಲ ಅವರ ಮಾತಿನ ಚಾಳಿಯನ್ನೂ ಬಲ್ಲರು. ಯಾರು ಏನೇ ಹೇಳಲಿ, "ಅದೇನೋ ಸರಿ ಕಣ್ರೀ, ಆದ್ರೆ..." ಎಂದು ಶುರುಮಾಡಿ, ಕೊನೆಗೆ ತಾವು ಮೊದಲೇ ನಿಶ್ಚಯಿಸಿದ್ದನ್ನೇ ಮಾಡುವರು. ಆ 'ಆದ್ರೆ'ಯ ಮೇಲೆ ನನಗೆ ಇಂದಿಗೂ ಸಿಟ್ಟಿದೆ.

ಕೆಲವು ವರ್ಷಗಳ ಕೆಳಗೆ ನಂಜನಗೂಡಿನ ರಸ್ತೆಯಲ್ಲಿ ಸ್ಕೂಟರಿನಿಂದ ಬಿದ್ದು ಮಣಿಕಟ್ಟು ಮುರಿದುಕೊಂಡರು. ಡಾಕ್ಟರು ಮೂಳೆ ಕೂರಿಸಿ, ಅಂಗೈಯನ್ನೂ ಮುಚ್ಚಿ ಪ್ಲಾಸ್ಟರ್ ಹಾಕಿ, ಒಂದೂವರೆ ತಿಂಗಳು ಮುಟ್ಟಕೂಡದೆಂದು ಕಳಿಸಿದರು. ಇಷ್ಟಲಿಂಗವನ್ನು ಎಡ ಅಂಗೈಯಲ್ಲಿರಿಸಿ ಪೂಜಿಸದೆ ಬಾಲ್ಯದಿಂದ ಒಂದು ದಿನವೂ ತುತ್ತೆತ್ತಿದವರಲ್ಲ ಚಿಕ್ಕಬಸಪ್ಪನವರು. ಮಠದ ಸ್ವಾಮಿಗಳೇ, "ವಾಸಿಯಾಗೋವರ್ಗೂ ಪೀಠದ ಮೇಲಿಟ್ಟು ಪೂಜೆ ಮಾಡಪ್ಪ, ಶಿವ ಏನೂ ಅಂದ್ಕೊಳಲ್ಲ" ಎಂದರು.

"ಅದೇನೋ ಸರಿ ಬುದ್ಧಿ, ಆದ್ರೆ..."

ಮನೆಗೆ ಬಂದು ಅನ್ನ ಮುಟ್ಟದೆ ಕೂತರು. ಹಸಿವು ತಾಳಲಾರದ ಒಂದು ಬೆಳಿಗ್ಗೆ ಕೈಯನ್ನು ಬಕೆಟ್ಟಿನಲ್ಲಿ ನೆನೆಸಿ, ಅಂಗಡಿಯ ಬಟ್ಟೆ ಕತ್ತರಿಯಿಂದಲೇ ಪ್ಲಾಸ್ಟರನ್ನು ಕತ್ತರಿಸಿ ಕಿತ್ತೆಸೆದರು. ಕೂರಿಸಿದ ಮೂಳೆ ಜಾರಿತು. ಹೆಂಡತಿ ಚನ್ನಬಸಮ್ಮ ಓಡಿಬಂದಾಗ, ಬೆವರು ಸುರಿಸುತ್ತ ಲಿಂಗಕ್ಕೆ ವಿಭೂತಿ ಹಚ್ಚುತ್ತಿದ್ದರಂತೆ. ಅಯ್ಯೋ, ಎಂಥ ಮನುಷ್ಯ! ಬೈಸಿಕೊಳ್ಳಬೇಕಾದೀತೆಂದು ಮತ್ತೆ ಆಸ್ಪತ್ರೆಯ ಕಡೆ ತಲೆಹಾಕಲಿಲ್ಲ.

ಮೂಳೆ ಓರೆಯಾಗಿಯೇ ಕೂಡಿತು. ಕೀಲಿನ ಮುಖಗಳು ಒಂದಕ್ಕೊಂದು ಹೊಂದದೆ, ನೆಲಕ್ಕೆ ತಾಗುವ ಬಾಗಿಲಿನಂತೆ, ಪ್ರತಿ ಅಲುಗಾಟಕ್ಕೂ ಉಜ್ಜಿ ಉಜ್ಜಿ ಸವೆದವು. ಮೊದಲು ಬಟ್ಟೆ ಅಳೆಯುವುದು ನಿಂತಿತು, ಆಮೇಲೆ ಕೋಟಿನ ಗುಂಡಿ ಹಾಕುವುದು. ಕೊನೆಗೆ ಅಂಗೈಯೇ ತಾನಾಗಿ ಮೇಲ್ಮುಖವಾಗಿ ತಿರುಗದಾಯಿತು. ಪ್ಲೇಟ್ ಹಾಕಿ ಮಣಿಕಟ್ಟನ್ನು ಬಿಗಿದುಬಿಟ್ಟರೆ ನೋವು ಬಹುಮಟ್ಟಿಗೆ ಹೋಗುತ್ತದೆಂದು ಬೇರೊಬ್ಬ ಡಾಕ್ಟರು ಹೇಳಿದಾಗ ಜೊತೆಯಲ್ಲಿ ನೆರೆಮನೆಯ ನಾನಿದ್ದೆ. ಇವರು ಕೇಳಿದ್ದು ಒಂದೇ ಮಾತು.

"ಅಂಗೈ ಮೇಲಕ್ಕೆ ತಿರುಗ್ತದಾ ಸಾ?"

ಇಲ್ಲ, ಬಲವಂತ ಮಾಡಿದರೂ ತಿರುಗದು ಎಂದರು ಡಾಕ್ಟರು.

"ಅಂಗಾದ್ರೆ ನೋವೇ ಇರ್ಲಿ ಬುಡಿ."

ಅಲ್ಲಿಂದಾಚೆ ದಿನಬೆಳಗೂ ಚನ್ನಬಸಮ್ಮ ಆ ಕೈಯನ್ನು ಬಲವಂತವಾಗಿ ತಿರುಚಿ, ಪೂಜೆ ಮುಗಿಯುವವರೆಗೂ ಒತ್ತಿ ಹಿಡಿಯಬೇಕು. ಇವರು ಟವಲ್ಲಿನ ಅಂಚು ಕಚ್ಚಿಕೊಂಡು, ಕಣ್ಣೀರು ಸುರಿಸುತ್ತ ಮನಸ್ಸಿನಲ್ಲೇ ಮಂತ್ರ ಹೇಳಬೇಕು. ಕಾರ್ತಿಕದ ಒಂದು ಸೋಮವಾರ ನಾನು ಹೋದಾಗ ಆಕೆ ಕೈ ಬಿಟ್ಟು ಎದ್ದು ನಿಂತಿದ್ದರು.

"ನನ್ ಕೈಲಾಗಲ್ಲ ಕಣ್ರೀ. ಪೂಜೆ ಅಂತ ದಿನಾ ನಿಮ್ಮನ್ನ ಹಿಂಸೆ ಮಾಡ್ತಾ ಇದೀನಿ. ಯಾವ ಶಿವ ಮೆಚ್ತಾನೆ ಇದನ್ನ?"

ನಾನು 'ಆದ್ರೆ'ಗಾಗಿ ಕಾದೆ.

"ಸರಿ" ಎಂದರು. ಅಷ್ಟೇ. ಲಿಂಗವನ್ನು ಬೆಳ್ಳಿಯ ಕರಡಿಗೆಯಲ್ಲಿಟ್ಟು ಮುಚ್ಚಿ, ಕೋಟಿನೊಳಗೆ ಎದೆಯ ಮೇಲೆ ಇಳಿಬಿಟ್ಟರು.

ಆ ಕರಡಿಗೆ ಮತ್ತೆ ತೆರೆದಿಲ್ಲ. ಈಗಲೂ ಬೆಳಿಗ್ಗೆ ಮಿಂದು ಮಣೆಯ ಮೇಲೆ ಕೂರುತ್ತಾರೆ. ಎಡಗೈ ತೊಡೆಯ ಮೇಲೆ ಬೋರಲಾಗಿ ಬಿದ್ದಿರುತ್ತದೆ. ಆಮೇಲೆ ಹೆಂಡತಿ ಬಡಿಸಿದ್ದನ್ನು ತಲೆಯೆತ್ತದೆ ಉಣ್ಣುತ್ತಾರೆ. ಪೀಠದ ಮೇಲಿಟ್ಟಾದರೂ ಪೂಜಿಸಬಹುದು. ಆದರೆ ಇಂದು ಹಾಗೆ ಮಾಡಿದರೆ ಅಂದೂ ಹಾಗೆ ಮಾಡಬಹುದಿತ್ತೆಂದು ಒಪ್ಪಿಕೊಳ್ಳಬೇಕಲ್ಲ! ಇಂಥವರಿಗೆ ಕೈಮುಗಿಯಬೇಕೋ, ಬೈಯಬೇಕೋ ನನಗೆ ತಿಳಿಯದು. ಒಂದೂವರೆ ತಿಂಗಳು ಕಾಯಪ್ಪ ಎಂದು ದೇವರಿಗೆ ಹೇಳಲಾರದ ಈ ಜನ, ಜೀವಮಾನವಿಡೀ ತಾವೇ ಬರಿಗೈಯಲ್ಲಿ ಕಾಯುತ್ತ ಕೂರುತ್ತಾರೆ.