ಐದು ಗಿಲೀಟು ಕ್ಯಾಮೆರಾ

ನನ್ನ ಗಂಡ ಅನೀಶನ ವರ್ಷಾಬ್ದಿಕದ ದಿನ, ಊಟದ ಪಂಕ್ತಿಯಲ್ಲಿ ಹಯಗ್ರೀವ ಮಾವ ಎಲ್ಲರಿಗೂ ಕೇಳುವ ಹಾಗೆ ಹೇಳಿದರು:

"ಹುಡುಗ ಎಲ್ಲದರಲ್ಲೂ ಹುಷಾರಿದ್ದ. ಆ ಗಿಲೀಟು ಡಬ್ಬಿಗಳ ವಿಷಯದಲ್ಲಿ ಮಾತ್ರ ಪೆದ್ದು. ಚಿನ್ನದ ಕ್ಯಾಮೆರಾದಲ್ಲಿ ಫೋಟೋ ತೆಗೆದ್ರೆ ನಾವೆಲ್ಲ ಬೆಳ್ಳಗೆ ಬರ್ತೇವೆ ಅಂತ ಗ್ರಹಿಸಿದ್ನೋ ಏನೋ."

ಒಂದಿಬ್ಬರು ನಕ್ಕರು. ಬಡಿಸುತ್ತಿದ್ದ ನಾನು ಸಾರಿನ ಪಾತ್ರೆ ಕೆಳಗಿಟ್ಟೆ. ಒಂದು ವರ್ಷದಿಂದ ನನಗೆ ಯಾವ ಮಾತೂ ತಾಗುತ್ತಿರಲಿಲ್ಲ. ಇದು ತಾಗಿತು.

ಹಯಗ್ರೀವ ಮಾವ ಅನೀಶನ ಚಿಕ್ಕಪ್ಪ. ಮುಂಬಯಿ ಬಳಿಯ ಕಲ್ಯಾಣದಲ್ಲಿ ಅವರ ಹೋಟೆಲಿದೆ. ಕೆಟ್ಟವರಲ್ಲ. ಅನೀಶ ಠಾಣೆ ರೈಲ್ವೆ ಸ್ಟೇಷನ್ನಿನಲ್ಲಿ ಕುಸಿದ ದಿನ ಆಸ್ಪತ್ರೆಗೆ ಮೊದಲು ಬಂದವರು ಅವರೇ. ಆಗ ಅನೀಶನಿಗೆ ಮೂವತ್ತನಾಲ್ಕು.

ಅವರು ಡಬ್ಬಿ ಎಂದದ್ದು ಐದು ಕ್ಯಾಮೆರಾಗಳನ್ನು. ರೋಲು ಹಾಕುವ ಕಾಲದವು. ಕಂಪನಿಯ ಹಬ್ಬಕ್ಕೋ ವಾರ್ಷಿಕೋತ್ಸವಕ್ಕೋ ಇಷ್ಟೇ ಎಂದು ಲೆಕ್ಕ ಕಟ್ಟಿ ಮಾಡಿದವು. ಮೈಗೆ ಇಪ್ಪತ್ತನಾಲ್ಕು ಕ್ಯಾರೆಟ್ಟಿನ ಲೇಪ, ತಳದಲ್ಲಿ ಕೊರೆದ ಸಂಖ್ಯೆ, ಒಂದೊಂದಕ್ಕೂ ಮರದ ಪೆಟ್ಟಿಗೆ. ಮದುವೆಯಾದ ಹೊಸತರಲ್ಲಿ ನಾನೂ ವಾದಿಸಿದ್ದೆ. ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿದವಳು, ಬಂಗಾರವೇ ಬೇಕಿದ್ದರೆ ನಾಣ್ಯ ಕೊಳ್ಳಬಹುದಲ್ಲ ಎಂದಿದ್ದೆ.

"ಇದರಲ್ಲಿರುವ ಚಿನ್ನ ಒಂದು ಗ್ರಾಮೂ ಇಲ್ಲ," ಎಂದಿದ್ದ ಅನೀಶ. "ಬೆಲೆ ಇರುವುದು ಸಂಖ್ಯೆಗೆ. ಇನ್ನೊಂದನ್ನು ಯಾರೂ ಮಾಡುವುದಿಲ್ಲ. ಆಮೇಲೆ ಬೆಲೆ ಇರುವುದು ಮಾರುವವನ ಮಾತಿಗೆ."

ಆ ಮಾತನ್ನು ಅವನು ಚೀಟಿಯಲ್ಲಿ ಬರೆಯುತ್ತಿದ್ದ. ಪ್ರತಿ ಪೆಟ್ಟಿಗೆಯೊಳಗೂ ಒಂದು ಚೀಟಿ. ಮೊದಲು ಕುಂದು, ಆಮೇಲೆ ಗುಣ. 'ಎಡಮೂಲೆಯಲ್ಲಿ ಲೇಪ ಸವೆದಿದೆ, ಸಾಸಿವೆಯಷ್ಟು. ಲೆನ್ಸ್ ಶುದ್ಧ. ರೋಲು ಹಾಕಿಲ್ಲ.' ಕೊನೆಗೆ ಸಹಿ. ಕೊಳ್ಳುವವರು ಕ್ಯಾಮೆರಾ ಮುಟ್ಟಿಯೂ ನೋಡದೆ ಆ ಚೀಟಿ ಓದಿ ಒಯ್ಯುತ್ತಿದ್ದರು. ಅದು ಅವನ ಹೆಮ್ಮೆ. ಅದನ್ನು ಹಯಗ್ರೀವ ಮಾವನಿಗೆ ಬೇರೆಯವರ ಬಾಯಿಂದ ಕೇಳಿಸಬೇಕು ಎಂದು ಆ ದಿನ ನಿರ್ಧರಿಸಿದೆ.

ಠಾಣೆಯ ನೌಪಾಡಾದಲ್ಲಿ ಹಳೆಯ ಕ್ಯಾಮೆರಾಗಳ ವ್ಯಾಪಾರ ಮಾಡುವ ಅಭಿಜಿತ್ ಎಂಬವರಿಗೆ ಫೋನು ಮಾಡಿದೆ. ಅನೀಶನ ಜೊತೆ ಎಂಟು ವರ್ಷ ವ್ಯವಹಾರ ಮಾಡಿದವರು. ಶನಿವಾರ ತನ್ನಿ ವಹಿನಿ, ಎಂದರು; ಮರಾಠಿಯಲ್ಲಿ ವಹಿನಿ ಎಂದರೆ ಅತ್ತಿಗೆ. ಹಯಗ್ರೀವ ಮಾವನನ್ನೂ ಕರೆದೆ. "ಗುಜರಿಗೆ ಹಾಕ್ಲಿಕ್ಕೆ ಠಾಣೆ ತನಕ ಯಾಕೆ?" ಎಂದರು. ಆದರೆ ಬರುತ್ತೇನೆ ಎಂದರು.

ಕ್ಯಾಮೆರಾಗಳು ಬ್ಯಾಂಕಿನ ಲಾಕರಿನಲ್ಲಿದ್ದವು. ಅನೀಶ ಇದ್ದಾಗ ಅವು ಡೊಂಬಿವಲಿಯ ಮನೆಯಲ್ಲೇ, ಗಾಜಿನ ಕಪಾಟಿನಲ್ಲಿರುತ್ತಿದ್ದವು. ಮಳೆಗಾಲವಿಡೀ ಅದರೊಳಗೆ ಒಂದು ಸಣ್ಣ ಬಲ್ಬು ಉರಿಸುತ್ತಿದ್ದ. ಅವನು ಹೋದ ಮೇಲೆ ಅತ್ತೆಗೆ ಹೆದರಿಕೆಯಾಯಿತು. ಮನೆಯಲ್ಲಿ ಇಬ್ಬರೇ ಹೆಂಗಸರು, ಕಪಾಟಿನಲ್ಲಿ ಚಿನ್ನ. ತಮ್ಮ ಮದುವೆಯ ರೇಷ್ಮೆ ಸೀರೆಯನ್ನು ಹರಿದು ಒಂದೊಂದನ್ನೂ ಸುತ್ತಿದರು. ನನ್ನನ್ನು ಬ್ಯಾಂಕಿಗೆ ಕರೆದೊಯ್ದರು. ಬಳೆ, ಸರಗಳ ಪಕ್ಕದಲ್ಲಿ ಇಟ್ಟರು. ಸಹಿ ಹಾಕು ಎಂದಲ್ಲಿ ನಾನು ಹಾಕಿದೆ. ಆಗ ಯಾರು ಏನು ಹೇಳಿದರೂ ಹಾಕುತ್ತಿದ್ದೆ.

ಶುಕ್ರವಾರ ರಜೆ ಹಾಕಿ ಹೊರಗೆ ತೆಗೆದೆ. ಮನೆಗೆ ತಂದು ಮೊಬೈಲಿನ ಬೆಳಕನ್ನು ಲೆನ್ಸಿನ ಮೇಲೆ ಓರೆಯಾಗಿ ಹಿಡಿದೆ. ಹಾಗೆ ನೋಡುವುದನ್ನು ಅನೀಶ ಕಲಿಸಿದ್ದ. ಮೂರು ತಿಳಿಯಾಗಿದ್ದವು. ಎರಡರಲ್ಲಿ ಗಾಜಿನ ಒಳಗೆ ಜೇಡರ ಬಲೆಯ ಎಳೆಗಳಂತೆ ಬೂಷ್ಟು.

ಚಿನ್ನಕ್ಕೆ ಲಾಕರು ಸರಿ. ಲೆನ್ಸಿಗೆ ಗಾಳಿ ಬೇಕು, ಬೆಳಕು ಬೇಕು. ಸುತ್ತಿದ ರೇಷ್ಮೆ ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ. ಅತ್ತೆಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

"ಎಂತಾಯ್ತು?" ಎಂದು ಅಡುಗೆಮನೆಯಿಂದ ಅತ್ತೆ ಕೇಳಿದರು.

"ಏನಿಲ್ಲ ಅತ್ತೆ. ಹೊಳೀತಾ ಉಂಟು."

"ಹೊಳೆಯದೆ! ನನ್ನ ಧಾರೆ ಸೀರೆಯಲ್ಲಿ ಸುತ್ತಿದ್ದಲ್ವಾ."

ಶನಿವಾರ ಲೋಕಲ್ ರೈಲಿನಲ್ಲಿ ಹಯಗ್ರೀವ ಮಾವನಿಗೆ ಬೂಷ್ಟಿನ ವಿಷಯ ಹೇಳಿದೆ. ಅವರು ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡರು.

"ನೀನು ಬಾಯಿ ಬಿಡ್ಬೇಡ ಮಾರಾಯ್ತಿ. ಹೊರಗೆ ಪಳಪಳ ಉಂಟು. ಅವನಿಗೆ ಅಷ್ಟು ಸಾಕು."

ಅಭಿಜಿತ್ ಅವರ ಅಂಗಡಿ ಒಂದು ಕಟ್ಟಡದ ಮೊದಲ ಮಹಡಿಯಲ್ಲಿ, ಎರಡು ಕುರ್ಚಿ ಹಿಡಿಯುವಷ್ಟು. ಅವರ ತಾಯಿ ಬೆಳಗಾವಿಯವರು. ಮರಾಠಿಯ ನಡುವೆ ಕನ್ನಡ ಬರುತ್ತಿತ್ತು. ಪೆಟ್ಟಿಗೆಗಳ ಮುಚ್ಚಳ ತೆಗೆದು ಚೀಟಿಗಳನ್ನು ಮಾತ್ರ ಎತ್ತಿಕೊಂಡರು. ಕ್ಯಾಮೆರಾಗಳನ್ನು ಮುಟ್ಟಲಿಲ್ಲ. ಐದನ್ನೂ ನಿಧಾನವಾಗಿ ಓದಿದರು.

"ಅನೀಶ್‌ಭಾವುನ ಅಕ್ಷರ," ಎಂದರು. "ಸೆಟ್ ಪೂರಾ ಅದ. ಹನ್ನೊಂದು ಲಾಖ್ ಕೊಡ್ತೀನ್ರಿ ವಹಿನಿ."

ಹಯಗ್ರೀವ ಮಾವ ಎತ್ತಿದ ಚಹಾದ ಲೋಟ ಅಲ್ಲೇ ನಿಂತಿತು.

"ಹನ್ನೊಂದು... ಒಟ್ಟಿಗಾ?"

"ಮತ್ತೇನ್ರಿ ಕಾಕಾ. ನಿಮ್ಮ ಅಣ್ಣನ ಮಗ ನಾಲ್ಕು ಲಾಖ್ ಒಳಗೇ ತಗೊಂಡಿದ್ದ. ನಾವೆಲ್ಲ ನಕ್ಕಿದ್ವಿ. ಈಗ ಅವನು ಇದ್ದಿದ್ರ ನಮ್ಮನ್ನ ನೋಡಿ ನಗ್ತಿದ್ದ."

ನನಗೆ ಬೇಕಾದದ್ದು ಇಷ್ಟೇ. ಇದನ್ನು ಕೇಳಿಸಲಿಕ್ಕೇ ಅವರನ್ನು ಕರೆತಂದಿದ್ದು. ಎದ್ದು ಬರಬಹುದಿತ್ತು. ಆದರೆ ಮೇಜಿನ ಮೇಲಿನ ಐದು ಚೀಟಿಗಳಲ್ಲಿ ಎರಡು ಈಗ ಸುಳ್ಳು ಹೇಳುತ್ತಿದ್ದವು. ಅದೂ ಅನೀಶನ ಸಹಿಯಲ್ಲಿ.

"ಆ ಚೀಟಿ ಬರೆದು ಎರಡು ವರ್ಷ ಆಯ್ತು," ಎಂದೆ.

ಹಯಗ್ರೀವ ಮಾವ ಲೋಟ ಇಟ್ಟರು. ಅಭಿಜಿತ್‌ಗೆ ತಿಳಿಯದಿರಲೆಂದು ತುಳುವಿಗೆ ಹೊರಳಿದರು. "ಮನಿಪಂದೆ ಕುಲ್ಲು." ಸುಮ್ಮನೆ ಕೂರು.

"ಆಮೇಲೆ ಒಂದು ವರ್ಷ ಲಾಕರಿನಲ್ಲಿ ಇಟ್ಟೆವು. ರೇಷ್ಮೆ ಬಟ್ಟೆಯಲ್ಲಿ ಸುತ್ತಿ. ಎರಡನೆಯದು, ಐದನೆಯದು, ಇವೆರಡನ್ನು ಟಾರ್ಚ್ ಹಾಕಿ ನೋಡಿ."

ಅಭಿಜಿತ್ ಬಿಳಿ ಕೈಗವಸು ತೊಟ್ಟರು. ನೋಡಿದರು. ಬಹಳ ಹೊತ್ತು ನೋಡಿದರು.

"ಫಂಗಸ್," ಎಂದರು. "ಲಾಕರ್‌ನಾಗ ಯಾರು ಇಡ್ತಾರ‍್ರೀ ಇದನ್ನ?"

"ನಾನು ಇಟ್ಟೆ."

ಹಯಗ್ರೀವ ಮಾವ ನನ್ನ ಮುಖ ನೋಡಿದರು. ಅದು ಅತ್ತೆಯ ಕೆಲಸ ಎಂದು ಅವರಿಗೆ ಗೊತ್ತಿತ್ತು.

"ಬಿಚ್ಚಿ ತೊಳದ್ರ ಹೋಗ್ತದ. ಆದ್ರ ಬಿಚ್ಚಿದ್ದು ಅಂತ ಆಗಿಬಿಡ್ತದ. ಸ್ಕ್ರೂ ಮೇಲೆ ಒಂದು ಗೀರು ಬಿದ್ರ ಮುಗೀತು." ಅವರು ಕೈಗವಸು ತೆಗೆದರು. "ಎಂಟೂವರಿ. ಅದಕ್ಕಿಂತ ಜಾಸ್ತಿ ನನಗ ಆಗೂದಿಲ್ಲ."

"ಆಗಲಿ," ಎಂದೆ.

"ಎರಡೂವರೆ ಲಕ್ಷ!" ಎಂದರು ಹಯಗ್ರೀವ ಮಾವ, ಈಗ ಯಾವ ಭಾಷೆಯ ಮರೆಯೂ ಇಲ್ಲದೆ. "ಒಂದು ಮಾತಿಗೆ ಎರಡೂವರೆ ಲಕ್ಷ! ಅಷ್ಟು ಇಡ್ಲಿ ಬೇಯಿಸ್ಲಿಕ್ಕೆ ಎಷ್ಟು ದಿನ ಬೇಕು ಗೊತ್ತುಂಟಾ ನಿಂಗೆ?"

ಅಭಿಜಿತ್ ನಕ್ಕರು. ಆಮೇಲೆ ಎರಡು ಖಾಲಿ ಕಾಗದ, ಒಂದು ಪೆನ್ನು ನನ್ನ ಕಡೆ ಸರಿಸಿದರು. ಆ ಎರಡು ಕ್ಯಾಮೆರಾಗಳಿಗೆ ಹೊಸ ಚೀಟಿ ಬೇಕಿತ್ತು. ಬರೆದೆ. ಮೊದಲು ಕುಂದು: ಒಳಗಾಜಿನಲ್ಲಿ ಬೂಷ್ಟು, ಅಂಚಿನಿಂದ ಕಾಲು ಭಾಗ. ಆಮೇಲೆ ಗುಣ. ಕೆಳಗೆ ಸಹಿ ಹಾಕಿದೆ, ಶ್ರೀಲಕ್ಷ್ಮಿ ಎಂದು. ಬ್ಯಾಂಕಿನಲ್ಲಿ ಹಾಕಿದ್ದೂ ಇದೇ ಸಹಿ. ಈ ಸಲ ಏನು ಬರೆದಿದೆ ಎಂದು ಓದಿ ಹಾಕಿದೆ.

"ಉಳಿದ ಮೂರು?" ಎಂದು ಅಭಿಜಿತ್ ಕೇಳಿದರು.

"ನಿನ್ನೆ ನೋಡಿದ್ದೇನೆ. ಶುದ್ಧ."

ಅವರು ಆ ಮೂರು ಪೆಟ್ಟಿಗೆಗಳ ಮುಚ್ಚಳ ಹಾಕಿದರು.

ಹಯಗ್ರೀವ ಮಾವ ತಡೆಯಲಾರದೆ ಕೇಳಿದರು: "ಇದನ್ನು ನೀವು ಲೈಟ್ ಹಾಕಿ ನೋಡುದಿಲ್ವಾ?"

"ಯಾಕ್ರಿ ಕಾಕಾ? ವಹಿನಿ ಹೇಳಿದ್ರಲ್ಲ."

ಅಲ್ಲಿ ಕುಳಿತಿದ್ದಾಗ ನನ್ನ ಬೆನ್ನು ತಾನಾಗಿ ನೆಟ್ಟಗಾಯಿತು.

ಹೊರಡುವಾಗ ಅಭಿಜಿತ್ ಇನ್ನೊಂದು ವಿಷಯ ತೆಗೆದರು. ಖಾರಘರದಲ್ಲಿ ಒಬ್ಬರ ಮನೆಯಲ್ಲಿ ಚಿನ್ನದ ಲೇಪದ ಒಂದು ಕ್ಯಾಮೆರಾ ಇದೆಯಂತೆ, ಸಂಖ್ಯೆ ಎರಡಂಕಿಯದು. ಮೊದಲಾದರೆ ಅನೀಶ್‌ಭಾವು ಹೋಗಿ ನೋಡಿ ಬರೆಯುತ್ತಿದ್ದ. ಈಗ ಕಳುಹಿಸಲು ಯಾರೂ ಇಲ್ಲ. ನೀವು ಹೋಗ್ತೀರಾ, ಎಂದರು.

"ಭಾನುವಾರ ಆದರೆ ಹೋಗ್ತೇನೆ. ಬೇರೆ ದಿನ ಮಹಾಪೆಯಲ್ಲಿ ಆಫೀಸು."

ಪ್ಲಾಟ್‌ಫಾರ್ಮಿನಲ್ಲಿ ಹಯಗ್ರೀವ ಮಾವ ಅತ್ತೆಗೆ ಫೋನು ಮಾಡಿದರು. "ಅತ್ತಿಗೇ, ಎಂಟೂವರೆ! ಹೌದು, ಲಕ್ಷವೇ... ಇಲ್ಲ ಇಲ್ಲ, ಎಲ್ಲ ಸರಿ ಇತ್ತು. ನಿಮ್ಮ ಮಗನಿಗೆ ತಲೆ ಇತ್ತು ಅಂತ ಅಂಗಡಿಯವನೇ ಹೇಳಿದ." ಲಾಕರಿನ ಮಾತು ತೆಗೆಯಲಿಲ್ಲ. ಅತ್ತೆಗೆ ನಾನೇ ಹೇಳಬೇಕು. ಈ ವಾರ ಹೇಳುತ್ತೇನೆ. ಸೀರೆಯ ವಿಷಯ ಮಾತ್ರ ಹೇಳುವುದಿಲ್ಲ.

ಅಷ್ಟರಲ್ಲಿ ತುರ್ಭೆಯಲ್ಲಿ ಹೋಟೆಲು ನಡೆಸುವ ಸರ್ವೋತ್ತಮ ಎಂಬವರು ಎದುರಾದರು, ಮಾವನ ಹಳೆಯ ಪರಿಚಯ. "ಇವರು ಯಾರು ಮಾರಾಯ್ರೆ?" ಎಂದು ನನ್ನನ್ನು ತೋರಿಸಿ ಕೇಳಿದರು.

ನನಗೆ ಉತ್ತರ ಗೊತ್ತಿತ್ತು. ಒಂದು ವರ್ಷದಿಂದ ಎಲ್ಲರೂ ದನಿ ಇಳಿಸಿ ಕೊಡುತ್ತಿದ್ದ ಉತ್ತರ.

ಹಯಗ್ರೀವ ಮಾವ ದನಿ ಇಳಿಸಲಿಲ್ಲ. "ನಮ್ಮ ಅನೀಶನ ಹೆಂಡತಿ. ಹಳೆ ಕ್ಯಾಮೆರಾ ಪರೀಕ್ಷೆ ಮಾಡುವ ಪಾರ್ಖಿ. ಇವಳು ಒಂದು ಸಲ ಸರಿ ಉಂಟು ಅಂದ್ರೆ, ಠಾಣೆಯವರು ಡಬ್ಬಿ ತೆಗೆದು ಸಹ ನೋಡುದಿಲ್ಲ."

"ಹೌದಾ?" ಎಂದು ಸರ್ವೋತ್ತಮ ನನ್ನನ್ನು ಕೇಳಿದರು.

"ಹೌದು," ಎಂದೆ.