ರೊಟ್ಟಿ ಬಡಿಯುವ ಸಪ್ಪಳ

ಬೆಳಗು ಹರಿಯುವಾಗ ಒಮ್ಮೆ, ದೀಪ ಹಚ್ಚುವ ಹೊತ್ತಿಗೆ ಒಮ್ಮೆ, ನಮ್ಮ ಮನೆಯಲ್ಲಿ ಬಾಗಿಲು ಹಾಕಿಕೊಂಡು ಬಡಿಯುತ್ತಿದ್ದುದು ರೊಟ್ಟಿಯನ್ನಲ್ಲ, ನನ್ನ ಬೆನ್ನನ್ನು. ಯರಗುಪ್ಪಿಯ ನಮ್ಮ ಓಣಿಯವರಿಗೆ ಮಾತ್ರ ಅದು ರೊಟ್ಟಿಯ ಸಪ್ಪಳ.

ಹುಟ್ಟಿದಾಗಿನಿಂದ ನನ್ನ ಎದೆಯಲ್ಲಿ ಕಫ ಅಂಟಿನ ಹಾಗೆ ಕಟ್ಟಿಕೊಳ್ಳುತ್ತದೆ. ಎಷ್ಟು ತಿಂದರೂ ಮೈಗೆ ಹತ್ತುವುದಿಲ್ಲ. ನನ್ನ ಹಣೆಗೆ ಮುತ್ತು ಕೊಟ್ಟವರ ತುಟಿ ಉಪ್ಪುಪ್ಪಾಗುತ್ತದೆ. ಮಿರಜಿನ ದೊಡ್ಡ ಡಾಕ್ಟರು ಬೆವರು ಪರೀಕ್ಷೆ ಮಾಡಿ ಸಿಸ್ಟಿಕ್ ಫೈಬ್ರೋಸಿಸ್ ಅಂದರು. ಅಪ್ಪ ಶಂಭುಲಿಂಗಪ್ಪ ಆ ಹೆಸರನ್ನು ರೈಲಿನುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದು, ಹುಬ್ಬಳ್ಳಿಯಲ್ಲಿ ಇಳಿಯುವಷ್ಟರಲ್ಲಿ ಮರೆತ. ಅವ್ವ ಶಾರದವ್ವ ಹೆಸರಿನ ಗೊಡವೆಗೇ ಹೋಗಲಿಲ್ಲ. ಡಾಕ್ಟರು ಕಲಿಸಿದ ಕೆಲಸವನ್ನು ಗಟ್ಟಿಯಾಗಿ ಹಿಡಿದುಕೊಂಡಳು. ತಲೆ ತಗ್ಗಾಗುವಂತೆ ನನ್ನನ್ನು ಜೋಳದ ಚೀಲದ ಮೇಲೆ ಬೋರಲು ಮಲಗಿಸಿ, ಅಂಗೈಯನ್ನು ನೀರು ಹಿಡಿಯುವ ಹಾಗೆ ಬಾಗಿಸಿ ಬೆನ್ನು ಬಡಿಯಬೇಕು. ಆಗ ಕಫ ಸಡಿಲಾಗಿ ಕೆಮ್ಮಿನಲ್ಲಿ ಬೀಳುತ್ತದೆ. ಬೀಳದಿದ್ದರೆ ಅದರಲ್ಲೇ ಸೋಂಕು ಬೆಳೆದು ಜೀವಕ್ಕೆ ಬರುತ್ತದೆ.

ಹುಟ್ಟಿನಿಂದ ಬಂದ ರೋಗ, ಯಾರಿಗೂ ಅಂಟುವುದಿಲ್ಲ ಎಂದೂ ಡಾಕ್ಟರು ಹೇಳಿದ್ದರು. ಅದನ್ನು ಊರಿಗೆ ತಿಳಿಸಿ ಹೇಳುವವರು ಯಾರು? ಕೆಮ್ಮು, ಸೊರಗಿದ ಮೈ ಎಂದರೆ ಊರಿಗೆ ಗೊತ್ತಿರುವುದು ಕ್ಷಯ ಒಂದೇ. ಮನೆಯಲ್ಲಿ ಮದುವೆಯ ವಯಸ್ಸಿಗೆ ಬಂದ ಅಕ್ಕ ಇದ್ದಳು. ಗಡಿಗೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾಗದು ಅಂತ ಅವ್ವ ಬಾಗಿಲನ್ನೇ ಮುಚ್ಚಿದಳು.

ಪಕ್ಕದ ಮನೆಯ ನೀಲಕ್ಕನಿಗೂ ನಮಗೂ ಒಂದೇ ಗೋಡೆ. ಅವಳ ನಾಲಿಗೆಗೆ ಎಲುಬಿಲ್ಲ. ಬಾವಿಕಟ್ಟೆಯಲ್ಲಿ ನಾಲ್ಕು ಮಂದಿ ಸೇರಿದರೆ ಸಾಕು, ಶುರು.

"ಏನ ಶಾರದಾ, ಬೆರಳೆಣಿಕಿ ಮಂದಿ ಅದೀರಿ, ಬೀಗರ ಊಟಕ್ಕ ಬಡಿದಂಗ ರೊಟ್ಟಿ ಬಡೀತೀರಿ. ನಿಮ್ಮವು ಹೊಟ್ಟಿನೋ, ಹಗೇವೋ?"

ಎಲ್ಲರೂ ನಗುತ್ತಿದ್ದರು. ಒಂದು ರೊಟ್ಟಿ ಮುಗಿಸಲು ಒದ್ದಾಡುವ ನನ್ನ ಹೊಟ್ಟೆಯನ್ನು ಕಾಳು ತುಂಬುವ ಹಗೇವು ಅಂದರೆ ಸಿಟ್ಟು ಬರುವುದಿಲ್ಲವೇ? ಅವಳ ಬೆನ್ನ ಹಿಂದೆ ನಾನು ಅವಳ ನಡಿಗೆಯನ್ನು ಅಣಕಿಸುತ್ತಿದ್ದೆ. ಅವ್ವ ಮಾತ್ರ, "ಅನ್ಲಿ ಬಿಡ, ಗಂಗೀ. ಅಂದಷ್ಟೂ ನಮಗ ಚೊಲೋನ," ಅನ್ನುತ್ತಿದ್ದಳು.

ಅಕ್ಕನನ್ನು ಅಣ್ಣಿಗೇರಿಗೆ ಕೊಟ್ಟ ಮೇಲಿನ ಮಾತು. ಎಮರ್ಜೆನ್ಸಿ ಮುಗಿದ ವರ್ಷದ ಮಳೆಗಾಲ. ನೆನೆದ ಎರೆಮಣ್ಣಿನಲ್ಲಿ ಅವ್ವ ಹಿತ್ತಲಲ್ಲಿ ಜಾರಿ ಬಿದ್ದು ಬಲಗೈ ಮುರಿದುಕೊಂಡಳು. ಬಿದಿರ ದಬ್ಬೆ ಕಟ್ಟಿಸಿಕೊಂಡು ಬರುವಷ್ಟರಲ್ಲಿ ನನಗೆ ಜ್ವರ ಏರಿತ್ತು, ಕಫ ಹಸಿರಾಗಿತ್ತು. ಅಪ್ಪ ಔಷಧಿ ತರಲು ಹುಬ್ಬಳ್ಳಿಗೆ ಓಡಿದ. ಅವನು ಆ ದಂಡೆ ಸೇರಿದ ಮೇಲೆ ಬೆಣ್ಣೆಹಳ್ಳ ತುಂಬಿ ಬಂತು. ಹಳ್ಳ ಇಳಿಯುವವರೆಗೆ ಬಸ್ಸೂ ಇಲ್ಲ, ಅಪ್ಪನೂ ಇಲ್ಲ, ಗುಳಿಗೆಯೂ ಇಲ್ಲ.

ಉಳಿದದ್ದು ಅವ್ವನ ಎಡಗೈ. ಅದು ಬೀಳುತ್ತಿದ್ದುದು ಬೆನ್ನ ಮೇಲಿನ ಧೂಳು ಒರೆಸಿದ ಹಾಗೆ.

"ಏಟ ಹತ್ತಾಕತ್ತೈತೇನ?"

"ಹತ್ತಾಕತ್ತೈತಿ, ಯವ್ವಾ," ಅಂದೆ. ಸುಳ್ಳು. ಕಫ ಇದ್ದಲ್ಲೇ ಇತ್ತು. ಉಸಿರು ಎಳೆದರೆ ಅರ್ಧಕ್ಕೇ ನಿಲ್ಲುತ್ತಿತ್ತು. ಅವ್ವನಿಗೆ ಗೊತ್ತಾಗದೆ ಇರುತ್ತದೆಯೇ? ದಬ್ಬೆ ಕಟ್ಟಿದ ಕೈಯನ್ನೇ ಎತ್ತಿ ಬಡಿಯಲು ಹೋಗಿ ಚೀರಿ ಕುಸಿದಳು. ನನಗೆ ಸಾಯುವ ಹೆದರಿಕೆ ಹತ್ತಿತು. ಮನೆಯಲ್ಲಿ ಸಪ್ಪಳ ನಿಂತಿತು.

ಮರುದಿನ ಸಂಜೆ ಬಾಗಿಲು ಬಡಿದ ಸದ್ದಾಯಿತು. ಬಟ್ಟೆಯಲ್ಲಿ ರೊಟ್ಟಿ ಕಟ್ಟಿಕೊಂಡು ನೀಲಕ್ಕ ನಿಂತಿದ್ದಳು.

"ನಿನ್ನಿಯಿಂದ ನಿಮ್ಮ ರೊಟ್ಟಿ ಸಪ್ಪಳ ಇಲ್ಲ. ಕೈ ಮುರಕೊಂಡಾಕಿ ಏನ ತಿಂತಿ ಅಂತ ಬಂದೆ. ಹಿಡಿ."

ಅವ್ವ ರೊಟ್ಟಿ ಇಸಿದುಕೊಳ್ಳುವಾಗ ನನಗೆ ಕೆಮ್ಮು ಬಂತು. ಬಂದದ್ದು ನಿಲ್ಲಲಿಲ್ಲ, ಉಸಿರು ಸಿಗಲಿಲ್ಲ. ಅವ್ವ ರೊಟ್ಟಿಯ ಗಂಟನ್ನು ಅಲ್ಲೇ ಬಿಟ್ಟು ನೀಲಕ್ಕನ ಕಾಲ ಹತ್ತಿರ ಕುಳಿತು ಎಲ್ಲ ಹೇಳಿಬಿಟ್ಟಳು. ಚೀಲ, ಬೆನ್ನು, ಬಾಗಿಲು, ಎಲ್ಲ.

"ಅಂಟೂ ರೋಗ ಅಲ್ರಿ ನೀಲಕ್ಕಾ, ನಮ್ಮ ಕೂಸಿನ ಆಣಿ."

"ಅಂಟೂದಿದ್ರ ಇಷ್ಟೊತ್ತಿಗೆ ನೀ ಹೋಗಿರ್ತಿದ್ದಿ. ಸರಿ ಆ ಕಡೆ." ನೀಲಕ್ಕ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಎಲ್ಲಿ ಬಡೀಲಿ, ತೋರಸ."

ಮೊದಲ ಏಟು ಚಪ್ಪಟೆ ಅಂಗೈಯಿಂದ, ಅಪ್ಪಟ ರೊಟ್ಟಿಯ ಏಟು. ಬೆನ್ನು ಚುರ್ರೆಂದಿತು. "ಕೈ ಬಾಗಸ್ರಿ, ನೀರ ಕುಡದಂಗ," ಅಂದಳು ಅವ್ವ. ಕೈ ಬಾಗಿತು. ನಲವತ್ತು ವರ್ಷ ಜೋಳದ ಹಿಟ್ಟು ನಾದಿದ ಕೈ ಅದು. ಎದೆಯೊಳಗೆ ಏನೋ ಕದಲಿತು. ಕೆಮ್ಮಿದೆ, ಉಗುಳಿದೆ, ಮತ್ತೆ ಕೆಮ್ಮಿದೆ. ಆಮೇಲೆ ಒಂದು ಉಸಿರು ತಳದವರೆಗೆ ಹೋಯಿತು. ಅಷ್ಟು ರುಚಿಯಾದದ್ದನ್ನು ನಾನು ಈವರೆಗೆ ತಿಂದಿಲ್ಲ.

"ಹಗೇವ ಖಾಲಿ ಆತೇನ ಲೇ?" ಅಂದಳು ನೀಲಕ್ಕ. ಅಂಥ ಹೊತ್ತಿನಲ್ಲೂ ಅವಳ ಬಾಯಿ!

ಮರುದಿನ ಬೆಳಿಗ್ಗೆ ಅವಳ ಕೈ ಸೋತಾಗ ಎದುರು ಮನೆಯ ಮಲಿಕಾಬಿ ಕೂತಳು. ಸಂಜೆ ಕುರಿ ದೊಡ್ಡಿಯಿಂದ ಕೆಂಚವ್ವ ಬಂದಳು. ನೀಲಕ್ಕನೇ ಸರದಿ ಹಚ್ಚಿದ್ದಳು. ಹಳ್ಳ ಇಳಿದು ಅಪ್ಪ ಔಷಧಿ ಹಿಡಿದು ಕೆಸರಿನಲ್ಲಿ ನಡೆದು ಬಂದಾಗ ನಮ್ಮ ಮನೆಯ ಬಾಗಿಲು ತೆರೆದಿತ್ತು, ಪಡಸಾಲೆಯ ತುಂಬ ಹೆಂಗಸರಿದ್ದರು. ನಾನು ಹೋದೆನೆಂದೇ ತಿಳಿದು ಬಾಗಿಲಲ್ಲೇ ನಿಂತ. ನನ್ನ ಕೆಮ್ಮು ಕೇಳಿದ ಮೇಲೆ ಒಳಗೆ ಬಂದು ಗುಳಿಗೆ ಕೊಟ್ಟ.

ಜ್ವರ ಬಿಟ್ಟ ಮೇಲೆ ಒಂದು ದಿನ ಅವ್ವ ನೀಲಕ್ಕನಿಗೆ ಕೈ ಮುಗಿದಳು.

"ಇಷ್ಟ ವರ್ಷ ರೊಟ್ಟಿ ಅಂತ ನಿಮಗೆಲ್ಲಾ ಸುಳ್ಳ ನಂಬಿಸಿದೆ. ತಪ್ಪ ತಿಳೀಬ್ಯಾಡ್ರಿ."

ನೀಲಕ್ಕ ಬಿದ್ದು ಬಿದ್ದು ನಕ್ಕಳು. "ಬೆಕ್ಕು ಕಣ್ಣ ಮುಚ್ಚಿ ಹಾಲ ಕುಡದಂಗ ಆತು ನಿಂದು! ರೊಟ್ಟಿ ಸಪ್ಪಳಾ ಗೊತ್ತಾಗದಷ್ಟ ಕಿವುಡ ಅದೀವೇನು ನಾವು? ರೊಟ್ಟಿ ಬಡದ್ರ ಕೈಬಳಿ ಸಪ್ಪಳಾ ಬರತೈತಿ. ನೀ ಕೂಸಿಗೆ ಚುಚ್ಚೀತಂತ ಬಳಿ ಮ್ಯಾಲ ಸರಿಸಿ ಬಡೀತಿದ್ದಿ. ಬಡದಮ್ಯಾಲ ಕೂಸು ಕೆಮ್ಮತಿತ್ತು. ಯಾವ ರೊಟ್ಟಿ ಕೆಮ್ಮತೈತಿ?"

"ಗೊತ್ತಿದ್ರ ಮತ್ತ ಯಾಕ ಅಂತಿದ್ರಿ, ಹೊಟ್ಟಿ, ಹಗೇವ ಅಂತ?" ಅಂತ ನಾನು ಎದ್ದು ಕೂತು ಕೇಳಿಯೇಬಿಟ್ಟೆ.

ಅವಳ ನಗು ನಿಂತಿತು. "ಅಣ್ಣಿಗೇರಿಯವರು ನಿಮ್ಮಕ್ಕನ್ನ ನೋಡಾಕ ಬಂದಾಗ ಮದಲ ನನ್ನ ಕಟ್ಟಿ ಮ್ಯಾಲ ಕುಂತಿದ್ರು. ಬಾಜೂ ಮನ್ಯಾಗ ಅದೇನ ಸಪ್ಪಳಾ ಅಂತ ಕೇಳಿದ್ರು. ರೊಟ್ಟಿ ಬಡ್ಯಾಕತ್ತಾರ್ರಿ, ಆ ಮನಿಗೆ ಯಾರ ಬಂದ್ರೂ ಉಪವಾಸ ಹೋಗೂದಿಲ್ಲ ಅಂದೆ. ಬಾವಿಕಟ್ಟಿ ಮ್ಯಾಲ ಕೇಳಿದ್ರ ಅಲ್ಲಿ ಮಂದಿನೂ ಅದನ್ನ ಅಂದ್ರು. ನಾ ದಿನಾ ಒದರಿ ಒದರಿ ಕಲಿಸಿದ್ನಲ್ಲ. ನೀವು ಹಾಕಿದ ಬಾಗಲಾ ನೀವ ತಗೀಬೇಕ ತಂಗೀ. ಅಲ್ಲೀತನಾ ಹೊರಗ ನಿಂತು ಕಾಯೂದಷ್ಟ ನಮ್ಮ ಕೈಯಾಗಿತ್ತು."

ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅವಳ ನಡಿಗೆಯನ್ನು ಅಣಕಿಸಿದ ಕಾಲುಗಳನ್ನು ನಾನು ಕೌದಿಯೊಳಗೆ ಎಳೆದುಕೊಂಡೆ.

ರೋಗ ಹೋಗಿಲ್ಲ, ಹೋಗುವುದೂ ಇಲ್ಲ. ಮುಂದಿನ ಚಳಿಗೆ ಮತ್ತೆ ಎದೆ ಹಿಡಿಯುತ್ತದೆ. ಅವ್ವನ ಕೈ ಕೂಡಿದೆ, ಆದರೂ ಸಂಜೆಯಾದರೆ ಗೋಡೆಯ ಆಚೆಯಿಂದ ಕೂಗು ಬರುತ್ತದೆ.

"ಶಾರದಾ, ರೊಟ್ಟಿ ಬಡದ್ಯೇನ?"

"ಇನ್ನೂ ಇಲ್ರಿ, ಬರ್ರಿ," ಅನ್ನುತ್ತಾಳೆ ಅವ್ವ. ನಾನು ಚೀಲದ ಮೇಲೆ ಬೋರಲಾಗುತ್ತೇನೆ. ಬಾಗಿಲು ತೆರೆದೇ ಇರುತ್ತದೆ.