ಹಾರ್ನ್ ಕೇಳಿಸುವುದಿಲ್ಲ

"ಲೇ ಲ್ಯುಲಿ, ಈ ಕನ್ನಡೀಲಿ ಯಾವತ್ತಾದ್ರೂ ನಿನ್ನ ಮೂತಿ ನೋಡ್ಕೊಂಡಿದೀಯೇನೋ? ನಿನ್ನ ನೋಡೇ ಅದು ಸೀಳಿಕೊಂಡಿರ್ಬೇಕು."

ದೊಡ್ಡ ಸಾಹೇಬನ ಮಾತಿಗೆ ಓಶ್ ಹೆದ್ದಾರಿ ಪಕ್ಕದ ವಾಹನ ತಪಾಸಣೆ ಅಂಗಳದ ಕಾವಲಿನವರೆಲ್ಲ ನಕ್ಕರು. ಅನ್ನಿಸಿಕೊಂಡ ಹಮ್ರೊ ಕೂಡ ನಕ್ಕ. ನಗದೆ ಏನು ಮಾಡಿಯಾನು? ಗಾಡಿಯ ಕನ್ನಡಿಯ ಮೂಲೆಯಲ್ಲಿ ಕೂದಲೆಳೆಯಷ್ಟು ಸೀಳು ಇದ್ದದ್ದಂತೂ ನಿಜ. ಅವನ ಹಳೆಯ ರಷ್ಯನ್ ಇಜ್ ಮೋಟರ್‌ಸೈಕಲ್ಲು, ಅದಕ್ಕಂಟಿದ ಗುಜರಿ ತುಂಬುವ ಸೈಡ್‌ಕಾರಿನ ಸಮೇತ, ಎಲ್ಲಕ್ಕಿಂತ ಮುಂದೆ ನಿಂತಿತ್ತು. ಅದರ ಹಿಂದೆ ಅವನ ಕೇರಿಯ ಅಷ್ಟೂ ಮೋಟರ್‌ಸೈಕಲ್ಲುಗಳು ಸಾಲಾಗಿ ನಿಂತಿದ್ದವು. ಕೇರಿಯವರು ತಮ್ಮನ್ನು ಮುಗಾತ್ ಎಂದುಕೊಳ್ಳುತ್ತಾರೆ. ಊರಿನ ಬಾಯಲ್ಲಿ ಮಾತ್ರ ಅವರು ಲ್ಯುಲಿಗಳು, ಹಾಗನ್ನುವಾಗ ಊರು ಮೂಗು ಸೊಟ್ಟ ಮಾಡಿಕೊಂಡೇ ಅನ್ನುತ್ತದೆ.

ತಪಾಸಣೆ ಮಾಡುತ್ತಿದ್ದವನು ಮೆಲಿಸ್. ಸಮವಸ್ತ್ರಕ್ಕೆ ಇಸ್ತ್ರಿ ಹಾಕಿ, ಗಡ್ಡ ಹೆರೆದು, ನುಣ್ಣಗಿದ್ದ. ಗಾಡಿಯ ಸುತ್ತ ಒಂದು ಸುತ್ತು ಬಂದು, ಹಿಂದಿನ ದೀಪವನ್ನು ಉಗುರಿನಿಂದ ಕೆರೆದು ನೋಡಿದ.

"ಗಾಜಿಗೆ ಏನೋ ಬಳಿದಿದೀಯಲ್ಲ, ಏನಿದು?"

"ಉಗುರು ಬಣ್ಣ ಸ್ವಾಮಿ. ನನ್ನ ಹೆಂಡ್ತೀದು. ಕೆಂಪು ಗಾಜು ಒಡೆದೋಗಿತ್ತು. ಹೊತ್ತಿಸಿದ್ರೆ ಕೆಂಪಗೇ ಉರೀತೈತೆ, ನೋಡಿ."

ಮತ್ತೆ ನಗು. ಹಾರ್ನ್ ಒತ್ತು ಎಂದ ಮೆಲಿಸ್. ಹಮ್ರೊ ಒತ್ತಿದ. ಸದ್ದು ದೊಡ್ಡದಾಗಿರಲಿಲ್ಲ, ಆದರೂ ತಗಡಿನ ಮಾಡಿನ ಮೇಲೆ ಕೂತಿದ್ದ ಪಾರಿವಾಳಗಳು ಎದ್ದು ಹಾರಿದವು. ಮೆಲಿಸ್ ಹಾರುವ ಪಾರಿವಾಳಗಳನ್ನು ನೋಡಿದ, ತಲೆ ತಗ್ಗಿಸಿ ಬರೆದುಕೊಂಡ, ಬರೆದದ್ದನ್ನು ಗಟ್ಟಿಯಾಗಿ ಓದಿದ: "ಹಾರ್ನ್ ಕೇಳಿಸುವುದಿಲ್ಲ. ಫೇಲು."

ಬ್ರೇಕನ್ನು ಅವನು ಮುಟ್ಟಿಯೂ ನೋಡಲಿಲ್ಲ. ಆ ಗಾಡಿಯ ಬ್ರೇಕು ಒತ್ತಿದರೆ ಇಳಿಜಾರಿನಲ್ಲೂ ಗೂಟ ಹೊಡೆದ ಹಾಗೆ ನಿಲ್ಲುತ್ತಿತ್ತು.

ಹಮ್ರೊ ಹೆದರಲಿಲ್ಲ. ಸಾಹೇಬನ ಕಣ್ಣಿಗೆ ಮಣ್ಣೆರಚಲು ಮೆಲಿಸ್ ಹೀಗೆ ಆಡುತ್ತಿದ್ದಾನೆ, ಈಗೊಂದು ಕಣ್ಸನ್ನೆ ಮಾಡುತ್ತಾನೆ, ಸಾಹೇಬ ಒಳಗೆ ಹೋದ ಮೇಲೆ ಎಲ್ಲವನ್ನೂ ಪಾಸು ಮಾಡುತ್ತಾನೆ ಎಂದುಕೊಂಡು ಅವನ ಮುಖವನ್ನೇ ನೋಡುತ್ತ ನಿಂತ. ಮೆಲಿಸ್ ಎರಡನೆಯ ಗಾಡಿಗೆ ಹೋದ, ಮೂರನೆಯದಕ್ಕೆ ಹೋದ. ಒಂದಕ್ಕೆ ಸೀಟಿನ ಹೊಲಿಗೆ ಬಿಟ್ಟಿತ್ತು, ಇನ್ನೊಂದರ ಮಡ್‌ಗಾರ್ಡಿಗೆ ಹಗ್ಗ ಕಟ್ಟಿತ್ತು. ಎಲ್ಲವೂ ಫೇಲು. ಮಧ್ಯಾಹ್ನದೊಳಗೆ ಅಷ್ಟೂ ಗಾಡಿಗಳ ನಂಬರ್ ಪ್ಲೇಟು ಬಿಚ್ಚಿ ಒಂದು ಡಬ್ಬಕ್ಕೆ ಎಸೆದು, ಗಾಡಿಗಳನ್ನು ಅಂಗಳದಲ್ಲೇ ಉಳಿಸಿಕೊಂಡು, ಜನರನ್ನು ಆಚೆಗೆ ಅಟ್ಟಿದರು. ತಕರಾರಿದ್ದರೆ ರಿಪೇರಿ ಮಾಡಿ ಶುಕ್ರವಾರ ತೋರಿಸಬಹುದು ಎಂದರು. ಕಣ್ಸನ್ನೆ ಬರಲೇ ಇಲ್ಲ.

ಈ ಮೆಲಿಸ್ ಹಮ್ರೊಗೆ ಹಾಲುತಮ್ಮ. ಅವನು ಹುಟ್ಟಿದ ಚಳಿಗಾಲದಲ್ಲಿ ಅವನ ತಾಯಿ ಕಾಯಿಲೆ ಬಿದ್ದು ಆಸ್ಪತ್ರೆ ಸೇರಿದಳು, ಮೇಕೆ ಹಾಲು ಮಗುವಿಗೆ ಒಗ್ಗಲಿಲ್ಲ. ಅಪ್ಪ ಸಾಮೂಹಿಕ ಬೇಸಾಯದ ಮೇಸ್ತ್ರಿ, ಹಗಲು ಹೊತ್ತಿನಲ್ಲಿ ಮುಗಾತರ ಕೇರಿಯ ಕಡೆ ಮುಖ ಹಾಕದವನು. ಅಂಥವನು ಮಗುವನ್ನು ಕಂಬಳಿಯಲ್ಲಿ ಸುತ್ತಿ ತಂದು ಹಮ್ರೊನ ತಾಯಿ ನೋರ್‌ಬಿಬಿಯ ಮಡಿಲಿಗೆ ಹಾಕಿ ಕೈ ಮುಗಿದ. ಆ ಹಿಮ ಕರಗುವ ತನಕ ಒಂದು ಮೊಲೆಗೆ ಹಮ್ರೊ, ಇನ್ನೊಂದಕ್ಕೆ ಮೆಲಿಸ್. ಹಿಮ ಕರಗಿತು, ಮಗುವನ್ನು ಒಯ್ದರು, ಮಾತನ್ನೂ ಅಲ್ಲೇ ಹೂತರು. ಲ್ಯುಲಿಯ ಮೊಲೆ ಉಂಡವನು ಎಂದು ಗೊತ್ತಾದರೆ ಅವನಿಗೆ ಹೆಣ್ಣು ಯಾರು ಕೊಟ್ಟಾರು? ಮದುವೆಯಲ್ಲಿ ಹಾಲುತಾಯಿಯನ್ನು ಮುಂದೆ ಕೂರಿಸಿ ಬಿಳಿ ತಲೆವಸ್ತ್ರ ಹೊದಿಸುವುದು ಪದ್ಧತಿ. ನೋರ್‌ಬಿಬಿಗೆ ಅವನ ಮದುವೆಗೆ ಕರೆ ಬರಲಿಲ್ಲ. ಅವತ್ತು ಅವಳು ರಸ್ತೆಯಾಚೆಯ ಹಿಪ್ಪುನೇರಳೆ ಮರದ ಕೆಳಗೆ ನಿಂತು ಮದುವೆಯ ಕಾರುಗಳು ಹೋಗುವುದನ್ನು ನೋಡಿ ಬಂದಿದ್ದಳು.

ಅಂಥ ಮೆಲಿಸ್ ಈ ವಸಂತದಲ್ಲಿ ತಾನಾಗಿಯೇ ಮನೆಗೆ ಬಂದ. ಅವನನ್ನು ಎಲ್ಲಿ ಕೂರಿಸಲಿ, ಏನು ಕೊಡಲಿ ಎಂದು ಮುದುಕಿಗೆ ಕೈಕಾಲೇ ಆಡಲಿಲ್ಲ. ಪೆಟ್ಟಿಗೆಯಿಂದ ಹೊಸ ಕೌದಿ ತೆಗೆದು ಹಾಸಿದಳು, ತಂದೂರಿನಿಂದ ಬಿಸಿ ರೊಟ್ಟಿ ತಂದಳು. ಮೆಲಿಸ್ ಒಂದು ತುಂಡು ಮುರಿದು, ದಾರಿಯಲ್ಲಿ ತಿನ್ನುತ್ತೇನೆ ಎಂದು ಜೇಬಿಗೆ ಹಾಕಿಕೊಂಡ. ಆಮೇಲೆ ಮಾತು ತೆಗೆದ.

"ಎಷ್ಟು ದಿನ ಅಂತ ಪಾಸಿಲ್ದೆ ಕಾಲುವೆ ದಂಡೇಲಿ ಕದ್ದು ಗಾಡಿ ಓಡಿಸ್ತೀಯ ಹಮ್ರಣ್ಣ? ಕೇರಿ ಗಾಡಿನೆಲ್ಲ ತಗೊಂಡ್ ಬಾ. ನೋಡೋನು ನಾನೇ, ಒಂದನ್ನೂ ಬಿಡದೆ ಪಾಸು ಮಾಡ್ತೀನಿ. ಹೆದ್ದಾರೀಲಿ ಎದೆ ಸೆಟೆಸ್ಕೊಂಡು ಹೋಗ್ರಿ." ಹೀಗಂದು ನೋರ್‌ಬಿಬಿಯ ಮೊಣಕಾಲು ಮುಟ್ಟಿದ. "ನೀನು ಕುಡಿಸಿದ ಹಾಲಿನಾಣೆ ಅವ್ವ."

ಅವ್ವ! ಈ ಒಂದು ಮಾತನ್ನು ಕೇಳಲು ನೋರ್‌ಬಿಬಿ ಅದೆಷ್ಟು ವರ್ಷ ಕಾದಿದ್ದಳೋ. ಮಗ ದೂರ ಹೊರಟಾಗ, ತಾನು ಸಾಯಲು ಮಲಗಿದಾಗ ತಾಯಿ ಹಾಲಿನ ಋಣ ಮನ್ನಿಸಿ ಹೇಳುವ ಮಾತೊಂದಿದೆ. ಅದು ಸಿಗದ ಮಗನಿಗೆ ಇಹದಲ್ಲೂ ನೆಮ್ಮದಿಯಿಲ್ಲ, ಪರದಲ್ಲೂ ಇಲ್ಲ. ಆ ಮಾತನ್ನು ಅವಳು ಅವನ ತಲೆ ಸವರಿ ಹೇಳಿಬಿಟ್ಟಳು. "ನನ್ನ ಬಿಳಿ ಹಾಲು ನಿಂಗೆ ಹಲಾಲು ಕಣ ಮಗ."

ಕೇರಿಯವರು ಸುಲಭಕ್ಕೆ ಒಪ್ಪಲಿಲ್ಲ. ಪಕ್ಕದ ಮನೆಯ ಅಷೂರನಂತೂ, ಸರ್ಕಾರದ ಅಂಗಳಕ್ಕೆ ನಾವಾಗಿ ನಾವೇ ಹೋಗಿ ಗಾಡಿ ನಿಲ್ಲಿಸಬೇಕಾ, ನಿನಗೆ ತಲೆ ಕೆಟ್ಟಿದೆಯಾ ಎಂದು ಜಗಳಕ್ಕೇ ಬಂದ. ಆಗ ಹಮ್ರೊ, ಇಷ್ಟು ವರ್ಷ ಮನೆಯೊಳಗೇ ಇದ್ದ ಗುಟ್ಟನ್ನು ಬಾಯಿ ಬಿಟ್ಟ: ಅವನು ನಮ್ಮವ್ವನ ಹಾಲು ಕುಡಿದವನು. ಅದಾದ ಮೇಲೆ ಯಾರೂ ಎದುರಾಡಲಿಲ್ಲ. ಅಂಥ ಆಣೆಗೆ ತಪ್ಪುವ ಮನುಷ್ಯ ಇರುತ್ತಾನೆಂದು ಕೇರಿಯಲ್ಲಿ ಯಾರಿಗೂ ತಿಳಿದಿರಲಿಲ್ಲ.

ಈಗ ಆ ಕೇರಿಯ ಹೆಂಗಸರು ಗುಜರಿಯನ್ನು ಕೈಗಾಡಿಯಲ್ಲಿ ತುಂಬಿಕೊಂಡು ಮಂಡಿಯ ತನಕ ಎಳೆಯುತ್ತಿದ್ದರು. ಅವರು ಮುಟ್ಟುವ ಹೊತ್ತಿಗೆ ಮಂಡಿಯ ಬಾಗಿಲು ಹಾಕಿರುತ್ತಿತ್ತು. ಎಷ್ಟೋ ಮನೆಯಲ್ಲಿ ತಂದೂರಿಗೆ ಬೆಂಕಿ ಬೀಳಲಿಲ್ಲ. ಅಷೂರ್ ಬಂದು ಹಮ್ರೊನ ಹೊಸ್ತಿಲಿಗೆ ಉಗಿದ. "ನಿಮ್ಮವ್ವನ ಹಾಲು ನಂಬಿ ನನ್ ಮಕ್ಳ ರೊಟ್ಟಿ ಕಳ್ಕೊಂಡೆನಲ್ಲೋ ಬಡ್ಡಿಮಗನೆ. ನಿಂಗೆ ಎಷ್ಟು ಕೊಟ್ಟ ಅವ್ನು?"

ಹಮ್ರೊ ಉಗುಳನ್ನು ಒರೆಸಿದ. ಅವನಿಗೆ ಇನ್ನೂ ಶುಕ್ರವಾರದ ಮೇಲೆ ನಂಬಿಕೆ ಇತ್ತು. ಸಾಹೇಬ ಎದುರಿಗಿದ್ದಾಗ ಮೆಲಿಸ್ ತಾನೇ ಏನು ಮಾಡಿಯಾನು ಎಂದು ಹೆಂಡತಿಯ ಜೊತೆ ವಾದಿಸಿದ. ಗುಜರಿ ರಾಶಿ ಕೆದಕಿ, ಸತ್ತ ಇಜ್ ಒಂದರ ಅಸಲಿ ಕೆಂಪು ಗಾಜು ಹುಡುಕಿದ. ಸೀಳಿಲ್ಲದ ಕನ್ನಡಿ ಸಿಕ್ಕಿತು. ಮನೆಯ ತಾಮ್ರದ ಹಂಡೆ ಕೊಟ್ಟು ಹೊಸ ಬ್ಯಾಟರಿ ತಂದ. ಶುಕ್ರವಾರ ಬೆಳಗ್ಗೆ ಹೊರಟಾಗ ನೋರ್‌ಬಿಬಿ ತಾನೂ ಬರುತ್ತೇನೆ ಎಂದು ಕೋಲು ಹಿಡಿದಳು. ಬೇಡವೆಂದರೆ ಕೇಳಲಿಲ್ಲ.

ಅಂಗಳಕ್ಕೆ ಬರುವಷ್ಟರಲ್ಲಿ ಮುದುಕಿಯ ಕಾಲು ಊದಿತ್ತು. ಮಗ ಅವಳನ್ನು ಸೈಡ್‌ಕಾರಿನಲ್ಲಿ ಕೂರಿಸಿ, ಗಾಜು, ಕನ್ನಡಿ, ಬ್ಯಾಟರಿ ಎಲ್ಲವನ್ನೂ ಜೋಡಿಸಿದ. ಕೇರಿಯ ಗಂಡಸರು ಗೇಟಿನಾಚೆ ಕುಕ್ಕರುಗಾಲಲ್ಲಿ ಕೂತು ನೋಡುತ್ತಿದ್ದರು.

ಮೆಲಿಸ್ ಬಂದ. ನೋರ್‌ಬಿಬಿಯ ಮೇಲೆ ಒಂದು ಸಲ ಕಣ್ಣು ಬಿತ್ತು, ಮತ್ತೆ ಆ ಕಡೆ ತಿರುಗಲಿಲ್ಲ. ಹೊಸ ಕನ್ನಡಿ ನೋಡಿದ, ಕೆಂಪು ಗಾಜು ನೋಡಿದ. ಆಮೇಲೆ ಸೈಡ್‌ಕಾರಿನ ಬಣ್ಣ ದಾಖಲೆಯಲ್ಲಿ ಹಸಿರು, ಇಲ್ಲಿ ನೀಲಿ ಎಂದ. ಹಿಡಿಗೆ ಮಣಿ ಕಟ್ಟಿದೆ, ಸವಾರನ ಗಮನ ಕೆಡುತ್ತದೆ ಎಂದ. ದೃಷ್ಟಿಯಾಗದಿರಲಿ ಎಂದು ಮುದುಕಿಯೇ ಕಟ್ಟಿದ ಮಣಿ ಅದು.

"ಹಾರ್ನ್ ಕೇಳಿಸುವುದಿಲ್ಲ," ಎಂದು ಮುಂದಕ್ಕೆ ಬರೆದ.

"ಒತ್ತೇ ಇಲ್ವಲ್ಲೋ," ಹಮ್ರೊ ದನಿ ತಗ್ಗಿಸಿದ. "ಬ್ರೇಕ್ ನೋಡು ಮೆಲಿಸ್. ಒಂದೇ ಒಂದ್ಸಲ ಬ್ರೇಕ್ ಒತ್ತಿ ನೋಡು. ಹೆಂಗೂ ಸಾಯೇಬ್ರು ಒಳಗವ್ರೆ."

ಸಾಹೇಬ ಒಳಗಿರಲಿಲ್ಲ. ಚಹಾದ ಬಟ್ಟಲು ಹಿಡಿದು ಬಾಗಿಲಲ್ಲೇ ನಿಂತಿದ್ದ, ಬಹಳ ಸಂತೋಷದಲ್ಲಿದ್ದ.

"ಅವನ ಹತ್ರ ಏನು ವಾದ ಮೆಲಿಸ್? ಕೆಲಸ ಮುಗೀತಲ್ಲ. ಎಷ್ಟು ವರ್ಷ ಇವರ ಹಿಂದೆ ಕಾಲುವೆ ಕೆಸರಲ್ಲಿ ಬಿದ್ದು ಎದ್ದು ಓಡಿದ್ವಪ್ಪ, ಒಂದು ಗಾಡೀನೂ ಸಿಗ್ಲಿಲ್ಲ. ನೀನು ಮನೆಗೆ ಹೋಗಿ ಏನು ಮಂತ್ರ ಹಾಕಿದ್ಯೋ, ಅವರೇ ತಂದು ನಿಲ್ಲಿಸಿಬಿಟ್ರು. ನಾಳೆ ಎಲ್ಲಾನೂ ಮಷೀನಿಗೆ ಹಾಕಿ ಚಪ್ಪಟೆ ಮಾಡ್ಸು. ನಿನ್ನ ಬಡ್ತಿ ಮಾತು ನಾನು ಆಡ್ತೀನಿ."

ಹಮ್ರೊನ ಕೈಯಲ್ಲಿದ್ದ ಸ್ಪ್ಯಾನರು ನೆಲಕ್ಕೆ ಬಿತ್ತು. ಕೇರಿಯ ಮನೆಮನೆಗೂ ಹೋಗಿ, ಅವ್ವನ ಹಾಲಿನ ಹೆಸರು ಹೇಳಿ, ತಾನೇ ಈ ಗಾಡಿಗಳನ್ನು ಇಲ್ಲಿಗೆ ಹೊಡೆದು ತಂದಿದ್ದ.

"ಸಾಯೇಬ್ರ ಮುಂದೆ ಹೇಳು ಮೆಲಿಸ್," ಎಂದ. "ನಾ ಯಾರು? ಇವಳು ಯಾರು?"

ಸಾಹೇಬ ಹುಬ್ಬೇರಿಸಿದ. "ಇವರು ನಿನಗೆ ಗೊತ್ತೇನೋ?"

"ಲ್ಯುಲಿಗಳಲ್ಲಿ ಯಾರು ಯಾರು ಅಂತ ಯಾರಿಗೆ ಗೊತ್ತು ಸರ್," ಎಂದ ಮೆಲಿಸ್. "ಎಲ್ಲ ಒಂದೇ ಥರ ಇರ್ತಾರೆ."

ಸಾಹೇಬ ಗಾಡಿಯನ್ನು ಹಿಂದಕ್ಕೆ ತಳ್ಳಲು ಹೇಳಿದ. ಮುದುಕಿ ಇಳಿಯಲಿಲ್ಲ. ಇಳಿಸಿ ಎಂದ. ಇಬ್ಬರು ಕಾವಲಿನವರು ಹತ್ತಿರ ಬಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬ ಅಂಗಿಯ ತೋಳನ್ನು ಬೆರಳಿನ ತನಕ ಎಳೆದುಕೊಂಡ, ಆದರೂ ಕೈ ಮುಂದೆ ಹೋಗಲಿಲ್ಲ. ಲ್ಯುಲಿ ಮುದುಕಿಯನ್ನು ಮುಟ್ಟಿ ಮನೆಗೆ ಹೋಗಲು ಯಾರಿಗೆ ಮನಸ್ಸಿದೆ?

"ಥೂ ನಿಮ್ಮ! ಮೆಲಿಸ್, ಅವರ ಮನೆಗೆಲ್ಲ ಹೋಗಿ ಬಂದೋನು ನೀನೇ ತಾನೆ? ನೀನೇ ಎತ್ತು."

ಮೆಲಿಸ್ ಬಗ್ಗಿ ಅವಳ ಕಂಕುಳಿಗೆ ಕೈ ಹಾಕಿದ. ಅವನ ಮುಖ ಅವಳ ಮುಖದ ಹತ್ತಿರ ಬಂತು. ನೋರ್‌ಬಿಬಿ ಕೂಗಾಡಲಿಲ್ಲ.

"ನೀ ಬಂದೋದ ಮಾರನೆ ದಿನ ನನ್ ಕೈ ರೊಟ್ಟಿ ಚರಂಡಿ ಪಕ್ಕ ಬಿದ್ದಿತ್ತು ಕಣ ಮಗ. ಜೇಬಿಂದ ಬಿದ್ದೋಗೈತೆ ಅಂದ್ಕೊಂಡೆ. ಎತ್ತಿ, ಕಣ್ಣಿಗೊತ್ಕೊಂಡು, ಗೋಡೆ ಮ್ಯಾಗೆ ಮಡಗಿ ಸುಮ್ನಾದೆ. ಯಾರ್ಗೂ ಯೋಳ್ಲಿಲ್ಲ." ಒಮ್ಮೆ ಉಸಿರೆಳೆದುಕೊಂಡಳು. "ಈಗ ಯೋಳ್ತೀನಿ, ಎಲ್ಲಾರೂ ಕೇಳಿಸ್ಕಳಿ. ಆ ಹಿಮದಾಗೆ ನೀ ಕುಡಿದ ನನ್ನ ಬಿಳಿ ಹಾಲು ನಿಂಗೆ ಹಲಾಲಲ್ಲ. ನಾ ಮನ್ನಿಸಾಕಿಲ್ಲ."

ಮುದಿ ಕಾವಲಿನವನೊಬ್ಬ ತೌಬಾ ಎಂದು ಎರಡು ಹೆಜ್ಜೆ ಹಿಂದೆ ಸರಿದು ಟೋಪಿ ತೆಗೆದ. ಆ ಮಾತು ಏನೆಂದು ಅಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಸಾಹೇಬನ ಚಹಾ ಬಟ್ಟಲು ಬಾಯಿಗೆ ಹೋಗುವಾಗ ಅರ್ಧದಲ್ಲೇ ನಿಂತಿತು. ಇವಳ ಹಾಲು ನೀನು ಯಾವಾಗ ಕುಡಿದೆಯೋ ಎಂದು ಕೇಳಿದ.

"ತಲೆ ಕೆಟ್ಟ ಮುದುಕಿ ಸರ್," ಎಂದ ಮೆಲಿಸ್. ಎಂದವನೇ ಅವಳನ್ನು ಮೂಟೆಯ ಹಾಗೆ ಎತ್ತಿ ನೆಲಕ್ಕೆ ಇಳಿಸಿದ.

ನೋರ್‌ಬಿಬಿ ಬಟ್ಟೆಯ ಧೂಳು ಕೊಡವಿದಳು. ಸೈಡ್‌ಕಾರಿನ ಅಂಚು ಹಿಡಿದು, ಊದಿದ ಕಾಲನ್ನು ಕೈಯಿಂದಲೇ ಎತ್ತಿ ಒಳಗಿಟ್ಟು, ಮತ್ತೆ ಹತ್ತಿ ಕೂತಳು.

"ಇನ್ನೊಂದ್ ದಪ ಎತ್ತು," ಅಂದಳು.

ಮೆಲಿಸ್‌ನ ಎರಡೂ ಕೈ ಮುಂದಕ್ಕೆ ಚಾಚಿದ ಹಾಗೇ ಇದ್ದವು. ಮುಂದಕ್ಕೆ ಹೋಗಲಿಲ್ಲ, ಕೆಳಗೂ ಇಳಿಯಲಿಲ್ಲ. ಗೇಟಿನಾಚೆಯಿಂದ ಅಷೂರ್ ಎದ್ದ. ತಡೆಕಂಬದ ಕೆಳಗೆ ಬಗ್ಗಿ ಒಳಗೆ ಬಂದು, ಯಾರ ಮುಖವನ್ನೂ ನೋಡದೆ, ನಂಬರ್ ಪ್ಲೇಟು ಕಿತ್ತ ತನ್ನ ಗಾಡಿಯ ಮೇಲೆ ಕೂತ. ಅವನ ಹಿಂದೆ ಇನ್ನೊಬ್ಬ ಬಂದ.

ಎಳೆದು ಹಾಕ್ರೋ ಬೋಳಿಮಕ್ಕಳನ್ನ ಎಂದು ಸಾಹೇಬ ಕಿರುಚತೊಡಗಿದ. ಹಮ್ರೊ ತನ್ನ ಸೀಟಿನ ಮೇಲೆ ಕೂತು, ಬ್ರೇಕನ್ನು ಬಿಗಿಯಾಗಿ ಹಿಡಿದು, ಹೆಬ್ಬೆರಳನ್ನು ಹಾರ್ನಿನ ಮೇಲಿಟ್ಟು ಒತ್ತಿದ. ಒತ್ತಿದ ಬೆರಳು ತೆಗೆಯಲಿಲ್ಲ. ಹೆದ್ದಾರಿಯಲ್ಲಿ ಓಶ್‌ಗೆ ಹೋಗುತ್ತಿದ್ದ ಬಸ್ಸು ನಿಧಾನಿಸಿತು, ಜನ ಕಿಟಕಿಯಿಂದ ತಲೆ ಹಾಕಿದರು. ಹಿಂದಿನಿಂದ ಅಷೂರನ ಹಾರ್ನೂ ಸೇರಿಕೊಂಡಿತು.

ಸಾಹೇಬನ ಬಾಯಿ ಆಡುತ್ತಲೇ ಇತ್ತು. ಒಂದು ಮಾತೂ ಕೇಳಿಸುತ್ತಿರಲಿಲ್ಲ.